ವಕೀಲರ ಮೇಲೆ ದೂರು ಕೊಡುವ ಮುಂಚೆ

ಕಳೆದ ವರ್ಷ ಪಾಂಡವಪುರದ ಕಡೆಯ ರೈತರೊಬ್ಬರು ಮಂಡ್ಯದ ನನ್ನ ವಕೀಲಿ ಆಫೀಸಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಒಳಗೆ ಪಹಣಿ, ಕ್ರಯಪತ್ರದ ಜೆರಾಕ್ಸು, ಒಂದು ಪಾಕೆಟ್ ಡೈರಿ. ಡೈರಿಯಲ್ಲಿ ಪ್ರತಿ ವಾಯಿದೆಯ ತಾರೀಖು, ಪಕ್ಕದಲ್ಲಿ ಅವತ್ತು ಕೊಟ್ಟ ದುಡ್ಡು.

"ನಮ್ ಲಾಯರ್ ಮೇಲೆ ಒಂದು ಕಂಪ್ಲೇಂಟ್ ಬರ್ಕೊಡಿ ಸಾರ್. ಯಾವಾಗ ಕೇಳಿದ್ರೂ ವಾಯಿದೆ ಬಿದ್ದಿದೆ, ನೀವು ಬರೋದು ಬೇಡ ಅಂತಾರೆ."

ಕೇಸಿನ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿದೆ. ಪಾಲಿನ ದಾವೆ ಎಂಟು ತಿಂಗಳ ಹಿಂದೆಯೇ ವಜಾ ಆಗಿತ್ತು. ಕೋರ್ಟಿನಲ್ಲಿ ಕೇಸು ಕೂಗಿದಾಗ ಇವರ ಕಡೆಯಿಂದ ಯಾರೂ ಇರಲಿಲ್ಲ. ಹೇಳಿದೆ. ಅವರು ಮಾತಾಡದೆ ಡೈರಿ ತಿರುವಿದರು. ವಜಾ ಆದ ಮೇಲೂ ಮೂರು ತಾರೀಖು ಬರೆದಿದ್ದರು. ಮೂರಕ್ಕೂ ದುಡ್ಡು ಕೊಟ್ಟಿದ್ದರು.

ನನಗೆ ತುಂಬ ನಾಚಿಕೆಯಾಯಿತು. ಆದರೂ ಅವತ್ತು ದೂರು ಬರೆಯಲಿಲ್ಲ. ಮೊದಲು ಕೇಸು ಉಳಿಯಬೇಕು. ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮತ್ತೆ ತೆರೆಸಲು ಇರುವುದು 30 ದಿನ. ಅದು ಮೀರಿದ್ದರೆ ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟು ಕ್ಷಮಿಸಿ ಎಂದು ಕೋರ್ಟನ್ನೇ ಕೇಳಬೇಕು. ದೂರು ಕೊಟ್ಟ ಮಾತ್ರಕ್ಕೆ ದಾವೆಗೆ ಜೀವ ಬರುವುದಿಲ್ಲ. ಸಿಟ್ಟಿನಲ್ಲಿ ತುಂಬ ಜನ ಇಲ್ಲೇ ಎಡವುತ್ತಾರೆ. ಹಳೆಯ ವಕೀಲರು "ಫೀಸು ಬಾಕಿ ಇದೆ, ಫೈಲ್ ಕೊಡಲ್ಲ" ಎಂದರೆ ಹೆದರಬೇಡಿ. ಫೀಸಿಗಾಗಿ ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

ಎಲ್ಲದಕ್ಕೂ ದೂರು ನಿಲ್ಲುವುದಿಲ್ಲ. ಕೇಸು ಸೋತಿದ್ದು ದುರ್ನಡತೆ ಅಲ್ಲ. ಎದುರು ವಕೀಲರು ಪಾಟಿ ಸವಾಲಿನಲ್ಲಿ ಬೆವರಿಳಿಸಿದ್ದೂ ಅಲ್ಲ, ಅದು ಅವರ ಕೆಲಸ. ಆದರೆ ವಜಾ ಆದ ಕೇಸು ನಡೆಯುತ್ತಿದೆ ಎಂದು ಸುಳ್ಳು ಹೇಳುವುದು, ಕಕ್ಷಿದಾರರಿಗೆ ಬಂದ ದುಡ್ಡು ಇಟ್ಟುಕೊಳ್ಳುವುದು ದುರ್ನಡತೆಯೇ. ನಮ್ಮ ಕಡೆ ರಸ್ತೆಗೆ ಜಮೀನು ಹೋದವರ ಹತ್ತಿರ "ಪರಿಹಾರ ಬಂದ್ರೆ ಇಷ್ಟು ಪರ್ಸೆಂಟ್ ನಮಗೆ" ಎಂದು ಮಾತಾಡಿಕೊಳ್ಳುವುದುಂಟು. ಎಷ್ಟೋ ಜನ ಅದನ್ನು ಮಾಮೂಲಿ ಅಂದುಕೊಂಡಿದ್ದಾರೆ. ಅದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ದೂರು ಎಲ್ಲಿಗೆ? ಊರಿನ ವಕೀಲರ ಸಂಘದ ಹಿರಿಯರು ಕರೆಸಿ ಮಾತಾಡಬಹುದು. ಫೈಲ್ ವಾಪಸ್ ಕೊಡಿಸಲು ಅದು ಎಷ್ಟೋ ಸಲ ಸಾಕಾಗುತ್ತದೆ. ಸನ್ನದಿನ ಮೇಲೆ, ಅಂದರೆ ವಕೀಲಿ ಮಾಡುವ ಪರವಾನಗಿಯ ಮೇಲೆ, ಅಧಿಕಾರ ಇರುವುದು ಮಾತ್ರ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ (ಬಾರ್ ಕೌನ್ಸಿಲ್). 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ದೂರು ಕೊಡಬೇಕು. ಸಹಿ ಮಾಡಿ, ಬರೆದಿದ್ದು ನಿಜ ಎಂದು ದೃಢೀಕರಿಸಿ, ಶುಲ್ಕ ಕಟ್ಟಬೇಕು. ಕನ್ನಡದಲ್ಲೇ ಬರೆಯಬಹುದು. ಇದು ಗೊತ್ತಿಲ್ಲದೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಲು ಅಲೆದಾಡುವವರನ್ನು ನೋಡಿದರೆ ಸಂಕಟವಾಗುತ್ತದೆ.

ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ಮೂವರ ಶಿಸ್ತು ಸಮಿತಿ ಎರಡೂ ಕಡೆ ಕೇಳುತ್ತದೆ. ಛೀಮಾರಿ ಹಾಕಬಹುದು, ಸನ್ನದು ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ದೂರು ಬಂದ ಒಂದು ವರ್ಷದೊಳಗೆ ತೀರ್ಮಾನವಾಗದಿದ್ದರೆ ವಿಷಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಇನ್ನೊಂದು ಮಾತು. ಮಧ್ಯದಲ್ಲಿ ರಾಜಿಯಾಯಿತು ಅನ್ನುವ ಒಂದೇ ಕಾರಣಕ್ಕೆ ದೂರನ್ನು ಕೈಬಿಡುವಂತಿಲ್ಲ. ಸುಮ್ನೆ ಹೆದರಿಸಲು ದೂರು ಬರೆಯಬೇಡಿ ಎಂದು ನಾನು ಹೇಳುವುದು ಅದಕ್ಕೇ. ಗ್ರಾಹಕರ ಕೋರ್ಟಿನ ದಾರಿಯಂತೂ 2024ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಚ್ಚಿದೆ.

ಆಮೇಲೆ ಆ ರೈತರು ಬರೆಸಿ ತಂದ ದೂರು ಆರು ಪುಟ ಇತ್ತು, ಬೈಗುಳವೇ ಜಾಸ್ತಿ. ಕೂತು ಒಂದೂವರೆ ಪುಟಕ್ಕೆ ಇಳಿಸಿದೆವು. ತಾರೀಖು, ಹೇಳಿದ ಮಾತು, ಕೊಟ್ಟ ದುಡ್ಡು, ಅಷ್ಟೆ. ಜೊತೆಗೆ ವಜಾ ಆದೇಶದ ದೃಢೀಕೃತ ನಕಲು, ಡೈರಿಯ ಜೆರಾಕ್ಸು.

ಡೈರಿ ನೋಡಿ ಕೋರ್ಟು ತಡವನ್ನು ಮನ್ನಿಸಿತು. ದಾವೆ ಮತ್ತೆ ನಡೆಯುತ್ತಿದೆ, ದೂರು ವಿಚಾರಣೆಯಲ್ಲಿದೆ. ಈಗ ವಾಯಿದೆಯ ಹಿಂದಿನ ರಾತ್ರಿ ಮಗನ ಫೋನಿನಲ್ಲಿ ಅವರೇ ಕೇಸ್ ನೋಡಿಕೊಳ್ಳುತ್ತಾರೆ. ದುಡ್ಡು ಕೊಟ್ಟಾಗಲೆಲ್ಲ ನನ್ನ ಹತ್ತಿರವೂ ರಸೀದಿ ಕೇಳುತ್ತಾರೆ. ಬರೆದುಕೊಡುತ್ತೇನೆ.