ರಿಡೈರೆಕ್ಟ್ ಲೂಪ್: ಲಾಗಿನ್ ಪುಟಕ್ಕೂ ಲಾಗಿನ್ ಕೇಳುವ ಕಾವಲು

ವಿಜಯಪುರದ ಗೋಳಗುಮ್ಮಟದ ಗೇಟಿನಲ್ಲಿ ‘ಟಿಕೆಟ್ ಇಲ್ಲೇನ್ರಿ? ಕೌಂಟರಿಗೆ ಹೋಗ್ರಿ’ ಅಂದರೆ ಸರಿ. ಕೌಂಟರಿನ ಮುಂದೆಯೂ ‘ಟಿಕೆಟ್ ತೋರಿಸ್ರಿ’ ಅನ್ನುವ ಕಾವಲುಗಾರನಿದ್ದರೆ ಟಿಕೆಟ್ ಸಿಗುವುದು ಯಾವಾಗ? ವೆಬ್ ಆ್ಯಪ್‌ನಲ್ಲಿ ಈ ಫಜೀತಿಗೆ ರಿಡೈರೆಕ್ಟ್ ಲೂಪ್ ಅನ್ನುತ್ತಾರೆ. ಆ ಕಾವಲುಗಾರನೇ ರೂಟ್ ಗಾರ್ಡ್: ಪುಟ ತೆರೆಯುವ ಮುನ್ನ ಓಡಿ, ಒಳಗೆ ಬಿಡಬೇಕೋ ಬೇರೆಡೆ ಕಳಿಸಬೇಕೋ ತೀರ್ಮಾನಿಸುವ ಫಂಕ್ಷನ್.

ವ್ಯೂ ಫ್ರೇಮ್‌ವರ್ಕಿನ ಆ್ಯಪ್‌ಗಳಲ್ಲಿ ಪುಟ ಬದಲಿಸುವ ಲೈಬ್ರರಿ ವ್ಯೂ ರೂಟರ್. ಪ್ರತಿ ಪುಟಕ್ಕೂ ಮುನ್ನ ಓಡುವ ಅದರ ಗಾರ್ಡ್ ‘ಬಿಫೋರ್ ಈಚ್’ ಲಾಗಿನ್ ಪುಟಕ್ಕೂ ಓಡುತ್ತದೆ. ಹಾಗಾಗಿ ಹೊರಟಿರುವುದು ಲಾಗಿನ್‌ಗೇ ಆದರೆ ತಡೆಯದೆ ಬಿಡಬೇಕು. ಹೋಲಿಸುವಾಗ ಪೂರ್ತಿ ವಿಳಾಸ ಬೇಡ, ರೂಟಿನ (ಪುಟಕ್ಕೆ ರೂಟರ್‌ನಲ್ಲಿ ಕೊಟ್ಟ ದಾರಿಯ) ಹೆಸರು ಸಾಕು. ವಿಳಾಸದ ಬಾಲಕ್ಕೆ ‘ಮರಳಬೇಕಾದ ಪುಟ’ ಅಂಟಿಕೊಂಡ ಕೂಡಲೇ ಹೋಲಿಕೆ ತಪ್ಪಿ ಲೂಪ್ ಮತ್ತೆ ಶುರುವಾಗುತ್ತದೆ.

ನಿಜವಾಗಿ ಕಾಡುವುದು ಎರಡು ಗಾರ್ಡ್‌ಗಳ ಜಗಳ. ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ದಾಸ್ತಾನು ಆ್ಯಪ್ ಅಂದುಕೊಳ್ಳಿ. ಊಟ ಮುಗಿಸಿ ಬರುವಷ್ಟರಲ್ಲಿ ಟೋಕನ್, ಅಂದರೆ ಲಾಗಿನ್ ಆದಾಗ ಸಿಕ್ಕ ಗುರುತುಚೀಟಿಯ ಅವಧಿ ಮುಗಿದಿದೆ. ಲಾಗಿನ್ ಪುಟದ ಗಾರ್ಡ್ ನೋಡುವುದು ಟೋಕನ್ ಇದೆಯೇ ಎಂದಷ್ಟೇ. ಇದೆ, ದಾಸ್ತಾನು ಪುಟಕ್ಕೆ ತಳ್ಳುತ್ತದೆ. ಅಲ್ಲಿನ ಗಾರ್ಡ್ ಅವಧಿ ನೋಡಿ ಲಾಗಿನ್‌ಗೆ ವಾಪಸ್ ಕಳಿಸುತ್ತದೆ. ಇಬ್ಬರೂ ಒಂದೇ ಫಂಕ್ಷನ್ ಕೇಳಲಿ, ಅವಧಿ ಮೀರಿದ ಟೋಕನ್ನನ್ನು ಅದು ಅಲ್ಲೇ ಅಳಿಸಲಿ.

ಪುಟ ರಿಫ್ರೆಶ್ ಆದಾಗ ಇನ್ನೊಂದು ಪೇಚು. ಲಾಗಿನ್ ಆಗಿದೆಯೇ ಎಂಬುದಕ್ಕೆ ಸರ್ವರ್‌ನಿಂದ ಉತ್ತರವೇ ಬಂದಿಲ್ಲ, ಗಾರ್ಡ್ ಅದನ್ನು ‘ಲಾಗಿನ್ ಆಗಿಲ್ಲ’ ಎಂದು ಓದುತ್ತದೆ. ‘ಇನ್ನೂ ಗೊತ್ತಿಲ್ಲ’ ಎಂಬ ಮೂರನೇ ಸ್ಥಿತಿ ಇಟ್ಟು, ಉತ್ತರ ಬರುವ ತನಕ ಕಾಯಿಸಿ. ಲಾಗಿನ್ ಆಗಿಯೂ ಅಧಿಕಾರವಿಲ್ಲದವರನ್ನು ಲಾಗಿನ್‌ಗೆ ಅಟ್ಟಬೇಡಿ. ‘ಅನುಮತಿ ಇಲ್ಲ’ ಎಂಬ, ಗಾರ್ಡೇ ಇಲ್ಲದ ಪುಟ ತೋರಿಸಿ.

ಸರ್ವರ್ ಕಡೆಯ ಲೂಪನ್ನು ಕ್ರೋಮ್ 20 ರಿಡೈರೆಕ್ಟ್ ಆದ ಮೇಲೆ ತಾನೇ ನಿಲ್ಲಿಸುತ್ತದೆ. ಬ್ರೌಸರಿನೊಳಗೇ ರೂಟರ್ ಸುತ್ತುವಾಗ ಆ ಮಿತಿ ಅನ್ವಯಿಸದು, ಟ್ಯಾಬ್ ಸುಮ್ಮನೆ ಹೆಪ್ಪುಗಟ್ಟಬಹುದು. ಲೂಪ್ ಸರ್ವರಿನದಾದರೆ ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ‘ಪ್ರಿಸರ್ವ್ ಲಾಗ್’ ಒತ್ತಿ 302ಗಳ (‘ಬೇರೆ ವಿಳಾಸಕ್ಕೆ ಹೋಗು’ ಎಂಬ ಸರ್ವರ್ ಉತ್ತರಗಳ) ಸಾಲು ನೋಡಿ. ಎರಡು ವಿಳಾಸ ಅದಲುಬದಲಾಗುತ್ತಿದ್ದರೆ ಮೊದಲ ಅನುಮಾನ ಗಾರ್ಡ್‌ಗಳ ಜಗಳದ ಮೇಲೆ. ಎಚ್‌ಟಿಟಿಪಿಎಸ್ ವಿಳಾಸವೊಂದೇ ಮರುಕಳಿಸಿದರೆ ಗಾರ್ಡ್ ಬಿಟ್ಟು, ಆ್ಯಪ್‌ನ ಮುಂದೆ ನಿಂತು ಕೋರಿಕೆ ದಾಟಿಸುವ ಸರ್ವರ್ ಆದ ಪ್ರಾಕ್ಸಿ ನೋಡಿ: ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದು ಆ್ಯಪ್‌ಗೆ ಬರೀ ಎಚ್‌ಟಿಟಿಪಿ ತಲುಪುತ್ತಿರಬಹುದು, ಆ್ಯಪ್ ಮತ್ತೆ ಎಚ್‌ಟಿಟಿಪಿಎಸ್‌ಗೇ ಕಳಿಸುತ್ತಿರಬಹುದು. ಮೂಲ ಕೋರಿಕೆ ಎಚ್‌ಟಿಟಿಪಿಎಸ್ ಎಂದು ತಿಳಿಸುವ ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಹೆಡರನ್ನು ಪ್ರಾಕ್ಸಿಯಿಂದ ಕಳಿಸಿ, ಅದನ್ನು ನಂಬುವಂತೆ ಆ್ಯಪ್‌ಗೂ ಹೇಳಿ.