ಹೆಂಚಿನ ಮೇಲೆ 1865 ಎಂದಿದೆ, ಶಾಲೆಯೂ ಅಷ್ಟು ಹಳೆಯದೇ?

ಪ್ರಶ್ನೆ: ಕುಮಟಾ ಹತ್ತಿರದ ನಮ್ಮೂರ ಕನ್ನಡ ಶಾಲೆಯ ಮಾಡಿನ ರಿಪೇರಿಗೆಂದು ಹೆಂಚು ಇಳಿಸಿದಾಗ, ಒಳಮೈಯಲ್ಲಿ 1865 ಎಂಬ ಅಚ್ಚು ಕಂಡಿತು. ಶಾಲೆ ಕಟ್ಟಿದ್ದು ಆ ವರ್ಷವೇ?

ಅಲ್ಲ. ಬೇಸರವಾದೀತು, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಇಸವಿಯನ್ನು ನಂಬಿ ಶತಮಾನೋತ್ಸವದ ಲೆಕ್ಕ ಹಾಕಲು ಹೊರಟ ಸಮಿತಿಯೊಂದನ್ನು ನಾನೇ ನೋಡಿದ್ದೇನೆ.

1865 ಎಂಬುದು ಹೆಂಚು ಬೆಂದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಆಗ. ಮುಂದೆ ದಶಕಗಳ ಕಾಲ ಅದೇ ಇಸವಿ ಅಚ್ಚಿನಲ್ಲಿ ಉಳಿಯಿತು. 1868 ಎಂದಿದ್ದರೆ ಅದು ಆಲ್ಬುಕರ್ಕ್ ಕಾರ್ಖಾನೆಯದು. ಅಲ್ಲಿಯೂ ಇದೇ ಕಥೆ. ಕಿರಾಣಿ ಅಂಗಡಿಯ ಫಲಕದ ಮೇಲೆ ಸ್ಥಾಪನೆಯ ಇಸವಿ ಇದೆಯೆಂದು ಇವತ್ತು ತಂದ ಅಕ್ಕಿ ಆ ಕಾಲದ್ದಾಗುವುದಿಲ್ಲವಷ್ಟೆ. ಇಸವಿಗಿಂತ ಹೆಸರೇ ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಹೆಂಚಿನ ಮೇಲೆ ಆ ಹೆಸರಿದ್ದರೆ ಅದು ಯುದ್ಧದಿಂದ ಈಚಿನದು ಎಂದು ಧೈರ್ಯವಾಗಿ ಹೇಳಬಹುದು.

ಹೆಂಚಿನ ವಯಸ್ಸು ಗೊತ್ತಾದರೂ ಕಟ್ಟಡದ ವಯಸ್ಸು ಸಿಗುತ್ತದೆ ಎನ್ನುವಂತಿಲ್ಲ. ನಮ್ಮ ಕರಾವಳಿಯಲ್ಲಿ ಹೆಂಚು ಒಂದೇ ಮಾಡಿನ ಮೇಲೆ ಕೂತಿರುವ ವಸ್ತುವಲ್ಲ. ಮಚವೆಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಬಂದು ಬಂದರಿನಲ್ಲಿ ಇಳಿದದ್ದು ಮೊದಲು ಯಾರದೋ ಮನೆಗೆ ಏರುತ್ತದೆ, ಆ ಮನೆ ಕೆಡವಿದಾಗ ಶಾಲೆಗೆ ಬರುತ್ತದೆ. ಮಂಗ ಹಾರಿ, ತೆಂಗಿನಕಾಯಿ ಬಿದ್ದು ಒಡೆದದ್ದಕ್ಕೆ ಬದಲಿ ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಸಾಲೇ ಅದಲುಬದಲಾಗುತ್ತದೆ. ನಾನು ಕಲಿತ ಶಾಲೆಯ ಒಂದೇ ಕೋಣೆಯಲ್ಲಿ ಮೂರು ಕಾರ್ಖಾನೆಗಳ ಹೆಸರಿದ್ದವು. ಗಣಿತದ ಹೊತ್ತಿನಲ್ಲಿ ಕತ್ತು ಮೇಲೆತ್ತಿ ಅವನ್ನು ಓದುವುದೇ ಕೆಲಸ; ನನಗೆ ಇಂಗ್ಲಿಷ್ ದೊಡ್ಡಕ್ಷರ ಕಲಿಸಿದ್ದು ಮಾಸ್ತರಲ್ಲ, ಆ ಮಾಡು. ನಡುವೆ ಒಂದು ಗಾಜಿನ ಹೆಂಚಿತ್ತು. ಅದರಿಂದ ಬಿದ್ದ ಬಿಸಿಲಿನ ಚೌಕ ಮೂರನೇ ಸಾಲಿನ ಮಣೆಗೆ ತಲುಪಿತೆಂದರೆ ಊಟದ ಗಂಟೆ.

ಹಾಗಾದರೆ ಹುಡುಕುವುದು ಎಲ್ಲಿ? ಮೊದಲು ಶಾಲೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ ಎಂದು ಎರಡು ಲೆಕ್ಕ ಇಟ್ಟುಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಅಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ವಸೂಲು ಮಾಡುವ ಪದ್ಧತಿ ಇತ್ತು, 1869ರಲ್ಲಿ ಅದಕ್ಕೆ ಕಾಯ್ದೆಯ ಬಲವೂ ಬಂತು. ಆ ಆಣೆಯಲ್ಲಿ ಮೂರನೇ ಒಂದು ಪಾಲು ಶಿಕ್ಷಣಕ್ಕೆ, ಉಳಿದದ್ದು ರಸ್ತೆ ಮುಂತಾದವಕ್ಕೆ. ಗದ್ದೆ ಉಳುವವನ ಕಾಸಿನಲ್ಲೇ ಹಳ್ಳಿಯ ಶಾಲೆ ನಡೆಯಿತು ಎಂದರೆ ತಪ್ಪಾಗದು. ಆದರೆ ಮಾಸ್ತರ ಪಗಾರಕ್ಕೆ ದುಡ್ಡು ಸಿಕ್ಕಿತೆಂದು ಕಟ್ಟಡವೂ ಎದ್ದಿತು ಎನ್ನಲಾಗದು. ದೇವಸ್ಥಾನದ ಚಂದ್ರಶಾಲೆಯಲ್ಲಿ, ಯಾರದೋ ದೊಡ್ಡ ಮನೆಯ ಜಗಲಿಯಲ್ಲಿ, ಬಾಡಿಗೆಯ ಸೋಗೆಮನೆಯಲ್ಲಿ ಮಕ್ಕಳು ವರ್ಷಗಟ್ಟಲೆ ಕೂತು ಕಲಿತದ್ದುಂಟು. 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಆಡಳಿತ ಲೋಕಲ್ ಬೋರ್ಡಿನ ಕೈಗೆ ಬಂತು. ಹಿರಿಯರು ಈಗಲೂ 'ಬೋರ್ಡ್ ಶಾಲೆ' ಎನ್ನುವುದು ಅದರಿಂದಲೇ.

ಗೋಡೆಯನ್ನು ನೋಡಿ. ಗಾರೆ ಉದುರಿದ ಕಡೆ ಚಿರೆಕಲ್ಲಿನ ಸಂದಿಗೆ ಉಗುರು ಹಾಕಿ ಕೆರೆಯಿರಿ. ಮಣ್ಣು ಅಥವಾ ಚಿಪ್ಪಿಸುಣ್ಣ ಉದುರಿದರೆ ಹಳೆಯ ಗೋಡೆ ಇರಬಹುದು. ಸಿಮೆಂಟಾದರೆ ಈಚಿನದು, ಇಲ್ಲವೇ ಈಚೆಗೆ ರಿಪೇರಿಯಾದದ್ದು. ಸಂಶಯ ಪೂರ್ತಿ ಹೋಗುವುದಿಲ್ಲ, ಆದರೆ ಹೆಂಚಿಗಿಂತ ಗೋಡೆ ಕಡಿಮೆ ಸುಳ್ಳು ಹೇಳುತ್ತದೆ. ಅದನ್ನು ಹೊತ್ತುಕೊಂಡು ಇನ್ನೊಂದು ಊರಿಗೆ ಹೋಗುವುದು ಕಷ್ಟ ನೋಡಿ.

ಎಲ್ಲಕ್ಕಿಂತ ಮೇಲು ಮುಖ್ಯಾಧ್ಯಾಪಕರ ಕಪಾಟಿನಲ್ಲಿರುವ ಜನರಲ್ ರಿಜಿಸ್ಟರು. ಹೆಸರು, ಹುಟ್ಟಿದ ತಾರೀಖು, ಸೇರಿದ ದಿನ, ಇಯತ್ತೆ (ತರಗತಿ) ಎಲ್ಲವೂ ಅದರಲ್ಲಿರುತ್ತವೆ. ಸಾಹೇಬರು ತಪಾಸಣೆಗೆ ಬಂದು ಬರೆದ ಶೇರಾ ಪುಸ್ತಕ ಉಳಿದಿದ್ದರೆ ಅದನ್ನೂ ಬಿಡಬೇಡಿ. 'ಮಾಡು ಸೋರುತ್ತದೆ' ಎಂಬ ಒಂದು ಸಾಲು ಸಿಕ್ಕರೂ ಆ ದಿನಕ್ಕೆ ಕಟ್ಟಡವೊಂದು ಇತ್ತೆಂಬುದಕ್ಕೆ ಅದೇ ಸಾಕ್ಷಿ. ಕಟ್ಟಡದ ಜಾಗ ದಾನವಾಗಿ ಬಂದದ್ದಾದರೆ ದಾನಪತ್ರದ ತಾರೀಖು ಹುಡುಕಿ.

ರಿಜಿಸ್ಟರಿನ ಒಂದನೇ ನಂಬರಿನ ಹುಡುಗನ ಮುಂದೆ 'ಹಿಂದಿನ ಶಾಲೆ' ಎಂಬ ಅಂಕಣವನ್ನು ಮಾತ್ರ ಮರೆಯದೆ ನೋಡಿ. ನಾನು ನೋಡಿದ ಒಂದು ಪುಸ್ತಕದಲ್ಲಿ ಮಸುಕಾದ ಮಸಿಯಲ್ಲಿ 'ಗಾಂವಠಿ' (ಊರಿನದು) ಎಂದಿತ್ತು. ಅಂದರೆ ಸರಕಾರದ ಶಾಲೆ ಬರುವ ಮೊದಲೇ ಆ ಹುಡುಗ ಖಾಸಗಿ ಮಾಸ್ತರೊಬ್ಬರ ಎದುರು ಮರಳಿನ ಮೇಲೆ ಅಕ್ಷರ ತಿದ್ದಿದ್ದ. ಆ ಶಾಲೆಗೆ ಹೆಂಚೂ ಇರಲಿಲ್ಲ, ಇಸವಿಯೂ ಇಲ್ಲ.