ಅನುಕರಣೆ: ಮಾಡುವವರು ಯಾರು?

ಅಜ್ಜನ ನಡಿಗೆಯನ್ನು ಕಂಡು ಮಗುವೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದರೆ ಅದು ಅನುಕರಣೆ. ‘ಅನು’ ಎಂದರೆ ಹಿಂಬಾಲಿಸಿ, ‘ಕರಣ’ ಎಂದರೆ ಮಾಡುವುದು. ನಗಿಸಲೆಂದು ಹಾಗೆ ನಡೆದರೆ ಅಣಕ, ಮೋಸಗೊಳಿಸಲೆಂದು ನಡೆದರೆ ಸೋಗು. ಈ ಮೂರು ಪದಗಳಿಗೂ ಉದ್ದೇಶವುಳ್ಳ ಒಬ್ಬ ಕರ್ತೃ ಬೇಕು. ಒಂದು ಜೀವಿ ಇನ್ನೊಂದನ್ನು ಹೋಲುವುದನ್ನೂ ಜೀವವಿಜ್ಞಾನದಲ್ಲಿ ಅನುಕರಣೆ ಎನ್ನುತ್ತಾರೆ. ಆ ಕರ್ತೃವನ್ನು ಜೀವವಿಜ್ಞಾನದೊಳಕ್ಕೂ ಎಳೆದು ತಂದು, ಹಕ್ಕಿಗೆ ಹೆದರಿ ಚಿಟ್ಟೆ ವೇಷ ಬದಲಿಸಿಕೊಂಡಿತೆಂದು ಮಕ್ಕಳಿಗೆ ಹೇಳುವುದು ದೊಡ್ಡ ತಪ್ಪು.

ತುಮಕೂರಿನ ಹಿತ್ತಲುಗಳಲ್ಲಿ ಕರಿಬೇವಿನ ಎಲೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯಲ್ಲಿ ಗಂಡಿನದು ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಮಚ್ಚೆಗಳ ಸಾಲು. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇರುತ್ತವೆ. ಉಳಿದವು ಕಾಮನ್ ರೋಸ್ ಇಲ್ಲವೇ ಕ್ರಿಮ್ಸನ್ ರೋಸ್ ಎಂಬ ಬೇರೆಯೇ ಜಾತಿಗಳನ್ನು ಹೋಲುತ್ತವೆ. ರೋಸ್ ಚಿಟ್ಟೆಗಳ ಕಂಬಳಿಹುಳುಗಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ, ಒಮ್ಮೆ ರುಚಿ ನೋಡಿದ ಹಕ್ಕಿ ಆ ಬಣ್ಣದ ಚಿಟ್ಟೆಯನ್ನು ಮತ್ತೆ ಮುಟ್ಟುವುದಿಲ್ಲ. ಅವನ್ನು ಹೋಲುವ, ವಿಷವಿಲ್ಲದ ಮಾರ್ಮನ್ ಹೆಣ್ಣೂ ಹೀಗೆ ಪಾರಾಗುತ್ತದೆ.

1848ರಲ್ಲಿ ಅಮೆಜಾನ್ ಕಾಡಿಗೆ ಹೋಗಿ 11 ವರ್ಷ ಅಲ್ಲೇ ಉಳಿದ ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್, 1862ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂತಹ ಹೋಲಿಕೆಗೆ ನಿಸರ್ಗದ ಆಯ್ಕೆಯೇ ಕಾರಣವೆಂದು ವಿವರಿಸಿದರು. ಆ ಆಯ್ಕೆಯನ್ನು ಅರಿಯಲು ನಮ್ಮ ರಾಗಿ ಹೊಲವೇ ಸಾಕು. ಕಳೆ ಕೀಳುವ ಹೆಂಗಸರು ರಾಗಿಯಂತೆ ಕಾಣದ ಹುಲ್ಲನ್ನೆಲ್ಲ ಕಿತ್ತೆಸೆಯುತ್ತಾರೆ. ತೆನೆ ಬರುವವರೆಗೂ ರಾಗಿಯ ಪೈರನ್ನೇ ಹೋಲುವ ಹುಲ್ಲು ಅವರ ಕೈತಪ್ಪಿ ಉಳಿದು ಬೀಜ ಉದುರಿಸುತ್ತದೆ. ವರ್ಷವರ್ಷವೂ ಹೀಗಾದಾಗ ಹೊಲದಲ್ಲಿ ರಾಗಿಯಂತಹ ಹುಲ್ಲೇ ಹೆಚ್ಚುತ್ತದೆ. ಹುಲ್ಲು ರಾಗಿಯನ್ನು ನೋಡಿ ಕಲಿತದ್ದೇನೂ ಇಲ್ಲ. ಆ ರೂಪವನ್ನು ತಿದ್ದಿದ್ದು ಕಳೆ ಕೀಳುವವರ ಕಣ್ಣು. ಜರಡಿಯ ಕಣ್ಣಿನ ಅಳತೆಯಂತೆ ಹಿಟ್ಟು ನುಣುಪಾಗುವುದೂ ಹೀಗೆಯೇ. ಚಿಟ್ಟೆಯ ವಿಷಯದಲ್ಲಿ ಆ ಜರಡಿ ಹಕ್ಕಿಯ ಕಣ್ಣು. ಕಾಮನ್ ಮಾರ್ಮನ್ ಹೆಣ್ಣಿನ ರೂಪವನ್ನು ನಿರ್ಧರಿಸುವುದು ‘ಡಬಲ್‌ಸೆಕ್ಸ್’ ಎಂಬ ಜೀನ್ ಎಂದು 2014ರಲ್ಲಿ ತಿಳಿದುಬಂತು. ಹುಟ್ಟುವಾಗಲೇ ಬಂದ ಈ ಬಣ್ಣವನ್ನು ಚಿಟ್ಟೆ ತಾನಾಗಿ ತೊಡಲಾರದು, ಕಳಚಲಾರದು.

ಹಾಗಾದರೆ ಎಲ್ಲ ಹೆಣ್ಣುಗಳೂ ರೋಸ್‌ನಂತೆ ಏಕಾಗಲಿಲ್ಲ? ಹೋಲುವ ಚಿಟ್ಟೆಗಳು ನಿಜವಾದ ವಿಷಚಿಟ್ಟೆಗಳಿಗಿಂತ ಬಹಳ ಹೆಚ್ಚಿದರೆ ಹಕ್ಕಿಗೆ ಸಿಗುವ ತುತ್ತುಗಳಲ್ಲಿ ರುಚಿಯಾದವೇ ಅಧಿಕವಾಗಿ, ಆ ಬಣ್ಣಕ್ಕೆ ಅದು ಅಂಜುವುದನ್ನೇ ಬಿಡುತ್ತದೆ.